ಬಾಣಂತಿ ಕೋಣೆಯ ಕಾದಂಬರಿ

ಮೊನ್ನೆ ಮಸ್ಕತ್‌ನಿಂದ ಬಂದ ನಾದಿನಿಯ ಮಗ ಒಂದು ಪೊಟ್ಟಣ ಲುಬಾನ್ ತಂದುಕೊಟ್ಟ. ಅಲ್ಲಿಯವರು ಮನೆಯಲ್ಲಿ ಹೊಗೆ ಹಾಕುವ ಧೂಪ. ಮಗಳ ಬಾಣಂತನಕ್ಕೆ ಆಗುತ್ತದೆಂದು ಕೆಂಡದ ಮೇಲೆ ನಾಲ್ಕು ಹರಳು ಹಾಕಿದೆ. ಹೊಗೆ ಮೇಲೆದ್ದದ್ದೇ ತಡ, ಮಸ್ಕತ್‌ನ ಅಲ್ ಹೈಲ್‌ನಲ್ಲಿ ನಾವಿದ್ದ ಮನೆಯ ಆ ಕೋಣೆ, ಕಿಟಕಿಯ ಆಚೆಯ ಮರಳು, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತ ಬಾಯಮ್ಮ... ಎಲ್ಲ ಎದುರಿಗೆ ಬಂದು ನಿಂತವು.

ಅವರನ್ನು ಬಾಯಮ್ಮ ಎಂದು ಕರೆದದ್ದು ನನ್ನ ಅಮ್ಮ. ನಮ್ಮೂರ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು ವಾಡಿಕೆ. ನಮ್ಮ ಪಕ್ಕದ ಮನೆಯಲ್ಲಿದ್ದ ಆ ಇಂಗ್ಲಿಷ್ ಹೆಂಗಸಿಗೂ ಅಮ್ಮ ಅದೇ ಹೆಸರಿಟ್ಟಳು. ಅವರ ಗಂಡ ನೀರಿನ ಪೈಪ್‌ಲೈನಿನ ಎಂಜಿನಿಯರ್. ನಮ್ಮವರು ಖುರುಮ್‌ನ ಒಂದು ಆಫೀಸಿನಲ್ಲಿ ಗುಮಾಸ್ತರು. ನಡುವೆ ಒಂದು ಗಿಡ್ಡ ಗೋಡೆ ಅಷ್ಟೆ.

ಬಾಯಮ್ಮ ಕಾದಂಬರಿ ಬರೆಯುತ್ತಿದ್ದರು. ಅವರ ದೇಶದ ಹಳೆಯ ಕಾಲದ ರಾಜರು, ಯುದ್ಧಗಳು, ಹಡಗುಗಳು. "ನಾನು ವಾಸ ಮಾಡುವುದೇ ಆ ಕಾಲದಲ್ಲಿ, ಇಲ್ಲಿಗೆ ಬರುವುದು ಊಟಕ್ಕೆ ಮಾತ್ರ" ಎಂದು ನಗುತ್ತಿದ್ದರು. ಹುಟ್ಟಿದ್ದು ಒಂದು ಸಣ್ಣ ಬಂದರಿನಲ್ಲಂತೆ. ಮದುವೆಗೆ ಮೊದಲು ಹಡಗು ಕಂಪನಿಯಲ್ಲಿ ಹಳೆಯ ಕಾಗದಪತ್ರ ಜೋಡಿಸುವ ಕೆಲಸ. ಅಲ್ಲಿಂದಲೇ ಹುಚ್ಚು ಹತ್ತಿತಂತೆ. ಮೊದಲ ಪುಸ್ತಕ ಅಡುಗೆಮನೆಯ ಮೇಜಿನ ಮೇಲೆ ಬರೆದರು. ಪ್ರಕಾಶಕರು ಇನ್ನಷ್ಟು ಪ್ರೀತಿ, ಮುತ್ತು ಹಾಕಿ ಎಂದರಂತೆ, ಇವರು ಇನ್ನಷ್ಟು ಫಿರಂಗಿ ಹಾಕಿದರಂತೆ. ನಮ್ಮನ್ನು ಒಮ್ಮೆ ಹಳೆಯ ಕೋಟೆಯಿರುವ ನಿಜ್ವಾಕ್ಕೆ ಕಾರಿನಲ್ಲಿ ಕರೆದುಕೊಂಡು ಹೋಗಿದ್ದರು. ಕೋಟೆಯ ಗೋಡೆಗೆ ಕೆನ್ನೆ ಒತ್ತಿ ನಿಂತುಬಿಟ್ಟರು. ಅದು ಭಕ್ತಿಯೋ ಏನೋ ಎಂದುಕೊಂಡಿದ್ದೆ. ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲವೆಂದು ಆಗ ನನಗೆ ಗೊತ್ತಿರಲಿಲ್ಲ.

ನನಗೆ ಹೆರಿಗೆಯಾದಾಗ ಅಮ್ಮ ವಿಸಿಟ್ ವೀಸಾದಲ್ಲಿ ಬಂದಳು. ಲೇಹ್ಯದ ಡಬ್ಬ, ಒಣಗಿಸಿದ ಲಕ್ಕಿ ಸೊಪ್ಪು, ಬೇರು ನಾರು, ಎಲ್ಲ ಹೊತ್ತು ತಂದಿದ್ದಳು. ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಕಿವಿಗೆ ಹತ್ತಿ ಇಟ್ಟು ಮಲಗಿಸುತ್ತಿದ್ದಳು. ಬಾಯಮ್ಮ ಕೊಟ್ಟಿದ್ದ ಅವರದೇ ಕಾದಂಬರಿಯೊಂದು ದಿಂಬಿನ ಕೆಳಗಿತ್ತು. ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ. ಇಂಗ್ಲಿಷನ್ನು ಒಂದೊಂದೇ ಪುಟ ತಡವರಿಸಿಕೊಂಡು ಓದುತ್ತಿದ್ದೆ. ಅಮ್ಮ ಅದನ್ನು ಕಂಡಳು.

"ಬಾಣಂತಿಗೆ ಓದ್ಲಿಕ್ಕೆ ಉಂಟಾ? ಕಣ್ಣು ಹೋಗ್ತದೆ ಮಗಾ. ನಲ್ವತ್ತು ದಿನ ಈ ಕೋಣೆಗೆ ಪುಸ್ತಕ ಇಲ್ಲ."

ಪುಸ್ತಕ ಅಲಮಾರಿನ ಮೇಲೆ ಹೋಯಿತು. ಅದೇ ಹೊತ್ತಿಗೆ ಬಾಯಮ್ಮ ಮಗುವನ್ನು ನೋಡಲು ಒಳಗೆ ಬಂದರು. ಏನು ಗಲಾಟೆ ಎಂದು ಕೇಳಿದರು. ನಾನು ಹೇಳಿದೆ. ಮೊದಲು ನಕ್ಕರು. ಆಮೇಲೆ ಕುರ್ಚಿ ಎಳೆದುಕೊಂಡು ಮೆಲ್ಲಗೆ ಹೇಳಿದರು: "ಹಾಗಾದರೆ ನಾವಿಬ್ಬರೂ ಒಂದೇ. ನನಗೂ ಇನ್ನು ಓದಲು ಆಗುವುದಿಲ್ಲ."

ನೋಡುವುದರ ನಡುಮಧ್ಯೆ ಒಂದು ಹೊಗೆಯ ಮಚ್ಚೆ ಬಂದು ಕೂತಿತ್ತಂತೆ. ಅದು ದೊಡ್ಡದಾಗುವುದೇ ಹೊರತು ಹೋಗುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಕೊನೆಯ ಕಾದಂಬರಿ ಅರ್ಧಕ್ಕೆ ನಿಂತಿತ್ತು. ತಾನು ಬರೆದ ಸಾಲು ತನಗೇ ಕಾಣದು. ಗಂಡನ ಹೊರತು ಯಾರಿಗೂ ಹೇಳಿರಲಿಲ್ಲ.

ನಾನು ಅಮ್ಮನಿಗೆ ತುಳುವಿನಲ್ಲಿ ವಿವರಿಸಿದೆ. ಅಮ್ಮ ಬೆಳ್ಳುಳ್ಳಿ ಸುಲಿಯುತ್ತಲೇ ಕೇಳಿದಳು, "ಬಾಯಿ ಸರಿ ಉಂಟಲ್ಲ? ಕ್ಯಾಸೆಟಿಗೆ ಮಾತಾಡ್ಲಿಕ್ಕೆ ಹೇಳು. ನೀವು ನನಗೆ ಕಳಿಸುವ ಹಾಗೆ."

ಆಗೆಲ್ಲ ನಾವು ಊರಿಗೆ ಕಾಗದಕ್ಕಿಂತ ಹೆಚ್ಚು ಕ್ಯಾಸೆಟ್ಟನ್ನೇ ಕಳಿಸುತ್ತಿದ್ದೆವು. ಮನೆಯವರೆಲ್ಲ ಸರದಿಯಲ್ಲಿ ಮಾತಾಡಿ, ಊರಿಗೆ ಹೋಗುವವರ ಕೈಯಲ್ಲಿ ಕೊಡುವುದು. ಓದಲು ಬಾರದ ಅಮ್ಮನಂಥವರಿಗೆ ಅದೇ ಕಾಗದ. ನಾನು ಅದನ್ನು ಹೇಳಿದರೆ ಬಾಯಮ್ಮ ಆಗದೆಂದು ತಲೆಯಾಡಿಸಿದರು. "ನಾನು ಕೈಯಿಂದ ಯೋಚಿಸುವವಳು. ಖಾಲಿ ಗೋಡೆಗೆ ಕಥೆ ಹೇಳಲು ಬರುವುದಿಲ್ಲ."

"ಗೋಡೆಗೆ ಯಾಕೆ? ನಾವಿಲ್ಲಿ ಇಬ್ರು ಸುಮ್ನೆ ಕೂತಿದ್ದೇವಲ್ಲ" ಅಂದಳು ಅಮ್ಮ.

ಮರುದಿನದಿಂದ ನನ್ನ ಸ್ನಾನ ಮುಗಿದು ಲುಬಾನಿನ ಹೊಗೆ ಹಾಕುವ ಹೊತ್ತಿಗೆ ಬಾಯಮ್ಮ ಬರತೊಡಗಿದರು. ನಮ್ಮ ಟೇಪ್‌ರೆಕಾರ್ಡರ್ ಮಂಚದ ಪಕ್ಕದಲ್ಲಿ. ಕಥೆ ಒಂದು ಬಂದರಿನ ಹುಡುಗಿಯದು. ಮದುವೆಯಾದ ಹೊಸತರಲ್ಲೇ ಅವಳ ಗಂಡನನ್ನು ರಾಜನ ಸಿಪಾಯಿಗಳು ಬಲವಂತವಾಗಿ ಯುದ್ಧದ ಹಡಗಿಗೆ ಹತ್ತಿಸುತ್ತಾರೆ. ಇವಳು ಕಾಯುತ್ತಾಳೆ. ನನಗೆ ಅರ್ಥವಾಗಲೆಂದು ಬಾಯಮ್ಮ ಸಣ್ಣ ಸಣ್ಣ ಮಾತುಗಳಲ್ಲಿ ಹೇಳುತ್ತಿದ್ದರು. ಅಂದಿನ ಕಥೆ ಮುಗಿದ ಮೇಲೆ ನಾನು ಅದನ್ನು ಅಮ್ಮನಿಗೆ ತುಳುವಿನಲ್ಲಿ ಹೇಳುತ್ತಿದ್ದೆ. ಅಮ್ಮ ಸುಮ್ಮನೆ ಕೇಳುವವಳಲ್ಲ.

"ನಿನ್ನೆಯಿಂದ ಆ ಹುಡುಗಿ ಏನೂ ತಿನ್ಲಿಲ್ಲ. ಕೇಳು ಅವ್ರ ಹತ್ರ."

ಬಾಯಮ್ಮನಿಗೆ ನಗು ತಡೆಯಲಾಗಲಿಲ್ಲ. "ಇಷ್ಟು ಪುಸ್ತಕ ಬರೆದೆ, ಇದನ್ನು ಯಾರೂ ಕೇಳಲಿಲ್ಲ" ಎಂದರು. ಮರುದಿನ ಹುಡುಗಿಗೆ ಒಂದು ಬಟ್ಟಲು ಗಂಜಿ ಸಿಕ್ಕಿತು, ಅದನ್ನು ಕೊಡಲು ಒಬ್ಬಳು ನೆರೆಯವಳೂ ಹುಟ್ಟಿಕೊಂಡಳು.

ಒಂದು ಫಜೀತಿಯೂ ಆಯಿತು. ಹೊಸ ಕ್ಯಾಸೆಟ್ ಮುಗಿದ ದಿನ ನಾನು ತಿಳಿಯದೆ ನಮ್ಮವರ ಯಕ್ಷಗಾನದ ಕ್ಯಾಸೆಟ್ ಹಾಕಿಬಿಟ್ಟೆ. ಬಾಯಮ್ಮನ ಅಧ್ಯಾಯ ನಿಂತಲ್ಲಿಂದ ಚೆಂಡೆ ಶುರು! ಅದು ಹಾಗೆಯೇ ಟೈಪ್ ಮಾಡಿಸಲೆಂದು ಲಂಡನ್ನಿನ ಪ್ರಕಾಶಕರಿಗೆ ಹೋಯಿತು. ಈ ಯುದ್ಧದ ನಗಾರಿಯನ್ನು ಪುಸ್ತಕದಲ್ಲಿ ಹೇಗೆ ತೋರಿಸಬೇಕು ಎಂದು ಟೈಪ್ ಮಾಡುವವಳು ಕೇಳಿದಳಂತೆ. ನಮ್ಮವರು ಮಾತ್ರ ವಾರವಿಡೀ ಗೊಣಗಿದರು: "ನಿಮ್ಮ ರಾಜನಿಗಾಗಿ ನನ್ನ ಅರ್ಧ ಪ್ರಸಂಗ ಖಲಾಸ್!"

ಅಮ್ಮ ಹೊರಡುವ ದಿನ ಹತ್ತಿರ ಬಂತು. ಕಥೆಯೂ ಕೊನೆಗೆ ಬಂದಿತ್ತು. ಆದರೆ ಬಾಯಮ್ಮ ಅಲ್ಲೇ ಸುತ್ತುತ್ತಿದ್ದರು. ಒಂದು ದಿನ ಹವಾಮಾನ, ಇನ್ನೊಂದು ದಿನ ಹಡಗಿನ ಹಾಯಿ... ಅಮ್ಮನಿಗೆ ತಡೆಯಲಾಗಲಿಲ್ಲ. "ಅವ ಬಂದನಾ ಇಲ್ವಾ?"

ಬಾಯಮ್ಮ ತಡಕಾಡಿ ಟೇಪ್‌ರೆಕಾರ್ಡರ್ ನಿಲ್ಲಿಸಿದರು. "ಇದು ಮುಗಿದರೆ ನನಗೆ ಇನ್ನೊಂದು ಇಲ್ಲ. ಬೆಳಿಗ್ಗೆ ಯಾವುದಕ್ಕೆ ಏಳಲಿ?"

ನಾನು ಹೇಳಿದ್ದನ್ನು ಕೇಳಿ ಅಮ್ಮ ಅವರ ಕೈ ಹಿಡಿದುಕೊಂಡಳು. "ನೀವು ಮುಗಿಸದಿದ್ರೆ ಆ ಹುಡುಗಿ ಸಮುದ್ರದ ಬದಿಯಲ್ಲಿ ನಿಂತೇ ಇರ್ಬೇಕಲ್ಲ, ಬಾಯಮ್ಮ. ಅವಳು ಏನು ತಪ್ಪು ಮಾಡಿದ್ದು?"

ನಾನು ಅದನ್ನು ನನ್ನ ಹರಕು ಇಂಗ್ಲಿಷಿನಲ್ಲಿ ದಾಟಿಸಿದೆ. ಅಂದು ಅವರು ಕಥೆ ಮುಗಿಸದೆಯೇ ಎದ್ದು ಮನೆಗೆ ಹೋದರು.

ಅಮ್ಮ ಊರಿಗೆ ಹೋದಳು. ಬಾಯಮ್ಮನ ಗಂಡನ ಕಾಂಟ್ರಾಕ್ಟ್ ಮುಗಿದು ಅವರೂ ಹೋದರು. ಗೋಡೆಯ ಆಚೆ ಬೇರೆ ಯಾರೋ ಬಂದರು. ಕೆಲವು ತಿಂಗಳ ನಂತರ ನಮ್ಮವರ ಆಫೀಸಿನ ವಿಳಾಸಕ್ಕೆ ಒಂದು ಕ್ಯಾಸೆಟ್ ಬಂತು: 'ಬೆಳ್ಳುಳ್ಳಿಯ ಅಮ್ಮನಿಗೆ.' ರಜೆಯಲ್ಲಿ ಹೋದಾಗ ಅದನ್ನು ಅಮ್ಮನ ಜೊತೆ ಕೂತೇ ಕೇಳಿದೆ. ಕೊನೆಯ ಅಧ್ಯಾಯ. ನಾಲ್ಕು ಮಾತು ಹೇಳಿ ಬಾಯಮ್ಮ ಸುಮ್ಮನಾಗುತ್ತಿದ್ದರು. ಟೇಪು ತಿರುಗುತ್ತಿತ್ತು, ಸದ್ದಿಲ್ಲ. ಕೆಟ್ಟಿತೇ ಎಂದು ಒಂದೆರಡು ಸಲ ನೋಡಿದೆ. ಆಮೇಲೆ ತಿಳಿಯಿತು... ನಾನು ಅಮ್ಮನಿಗೆ ತುಳುವಿನಲ್ಲಿ ಹೇಳಲೆಂದು ಅವರು ಜಾಗ ಬಿಟ್ಟಿದ್ದರು.

ಗಂಡ ಬರುತ್ತಾನೆ. ಆಗ ಅವಳಿಗೆ ವಯಸ್ಸಾಗಿದೆ, ಕಣ್ಣು ಮಂಜಾಗಿದೆ. ಮುಖ ಕಾಣುವುದಿಲ್ಲ. ಅವನು ಕೆಮ್ಮಿದ್ದನ್ನು ಕೇಳಿ ಗುರುತು ಹಿಡಿಯುತ್ತಾಳೆ.

"ಬಂದನಲ್ಲ," ಎಂದಳು ಅಮ್ಮ, ಸೆರಗಿನಿಂದ ಮುಖ ಒರೆಸಿಕೊಂಡು. "ಇನ್ನು ಬಾಯಮ್ಮ ನಿದ್ದೆ ಮಾಡ್ಲಿ."

ಪುಸ್ತಕ ಅಚ್ಚಾಗಿ ನನಗೂ ಒಂದು ಪ್ರತಿ ಬಂತು. ಅವರ ಬೇರೆ ಪುಸ್ತಕಗಳಷ್ಟು ಕಷ್ಟವಿರಲಿಲ್ಲ. ಮಾತುಗಳು ಸಣ್ಣವು, ನನಗೆಂದು ಹೇಳಿದ್ದ ಹಾಗೆಯೇ. ಅಮ್ಮ ಕಣ್ಣು ಮುಚ್ಚಿ ಎರಡು ಮಳೆಗಾಲ ಕಳೆದ ಮೇಲೆ ಬಾಯಮ್ಮ ತೀರಿಕೊಂಡ ಸುದ್ದಿಯನ್ನು ಅವರ ಗಂಡ ತಿಳಿಸಿದರು. ಅಂದು ಮಧ್ಯಾಹ್ನ ಆ ಕ್ಯಾಸೆಟ್ ಮತ್ತೆ ಹಾಕಿದೆ. ಅವರು ನಾಲ್ಕು ಮಾತು ಹೇಳಿ ಸುಮ್ಮನಾದರು. ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ನಾನು ತುಳುವಿನಲ್ಲಿ ಹೇಳಿದೆ. ಅವರು ಮುಂದುವರಿಸಿದರು. ಹಾಗೇ ಕೊನೆಯವರೆಗೆ.

ಈಗ ಆ ಟೇಪು ಅಂಟಿಹೋಗಿದೆ, ಕೇಳಿಸುವುದಿಲ್ಲ. ಅವರ ಇಂಗ್ಲಿಷ್ ಮಾತುಗಳಲ್ಲಿ ಹೆಚ್ಚಿನವು ನನಗೆ ಮರೆತಿವೆ. ಅವರು ಬಿಟ್ಟ ಜಾಗದಲ್ಲಿ ನಾನು ಹೇಳಿದ್ದು ಮಾತ್ರ ಒಂದೂ ಮರೆತಿಲ್ಲ.