ಮುಟ್ಟದೆ ಇಟ್ಟ ಕಾಫಿ ಬಟ್ಟಲು

"ವಿಡಿಯೊ ಬಿಟ್ಟೇವಿ, ಅಲ್ಲಿನ ಮಾಲೀಕ ಹೆದರಿ ಪಾಸ್‌ಪೋರ್ಟ್ ಕೈಗಿ ಕೊಟ್ಟು ಕಳಿಸ್ಯಾನ." ಔರಾದಿನ ಬಸ್ ನಿಲ್ದಾಣದಿಂದ ಬೀದರಿನ ಚಹಾದಂಗಡಿಗಳವರೆಗೆ ಎಲ್ಲರೂ ಹೇಳುವ ಮಾತಿದು. ನಾನು ಒಪ್ಪುವುದಿಲ್ಲ. ಆಗ ನಾನು ಅಲ್ಲಿಯೇ ಇದ್ದೆ.

ಮೈಲೂರಿನವನಾದ ನಾನು ಕೊಲ್ಲಿ ದೇಶದ ಒಂದು ಊರಿನಲ್ಲಿ ಬಹುಕಾಲ ದರ್ಜಿಯಾಗಿದ್ದೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟವನು. ಅರಬಿ ಕಲಿತದ್ದು ಗಿರಾಕಿಗಳ ಅಳತೆ ತೆಗೆಯುತ್ತ. ಠಾಣಾ ಕುಶನೂರಿನ ಕುರಿಗಾರರ ಮನೆಯ ಯುವಕನೊಬ್ಬ ಡ್ರೈವರ್ ಕೆಲಸವೆಂದು ನಂಬಿ ಅಲ್ಲಿಗೆ ಬಂದು, ಮರಳುಗಾಡಿನಲ್ಲಿ ಪರರ ಕುರಿ ಕಾಯುತ್ತಿದ್ದ. ಊರಿನಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು. ಮಾಲೀಕ ರಜೆಯನ್ನೂ ಕೊಡಲಿಲ್ಲ, ಪಾಸ್‌ಪೋರ್ಟನ್ನೂ ಕೊಡಲಿಲ್ಲ. ಯುವಕ ಅಳುತ್ತ ಕಳಿಸಿದ ವಿಡಿಯೊವನ್ನು ಊರಿನವರು ಎಲ್ಲೆಡೆ ಹಂಚಿದರು. ಅದರಲ್ಲಿ ಮಾಲೀಕನ ಮನೆತನದ ಹೆಸರೂ ಇತ್ತು. ಮರುದಿನವೇ ಯುವಕನ ಫೋನ್ ಕಸಿದುಕೊಂಡರು. ಆಮೇಲೆ ಸುದ್ದಿಯೇ ಇಲ್ಲ.

ತಿಂಗಳುಗಳು ಕಳೆದವು. ಕೊನೆಗೆ ಅಲ್ಲೇ ಟ್ಯಾಕ್ಸಿ ಓಡಿಸುತ್ತಿದ್ದ ಭಾಲ್ಕಿಯ ಡ್ರೈವರ್ ಒಬ್ಬ ನನ್ನನ್ನು ಮಾಲೀಕನ ದೊಡ್ಡಪ್ಪನ ಮನೆಗೆ ಕರೆದೊಯ್ದ. ಆ ಹಿರಿಯನ ಮಾತನ್ನು ಮನೆತನದಲ್ಲಿ ಯಾರೂ ಮೀರುವುದಿಲ್ಲ. ಚಿಕ್ಕ ಬಟ್ಟಲಲ್ಲಿ ಕಾಫಿ ಬಂತು. ನಮ್ಮ ಕಡೆ ಕೊಟ್ಟದ್ದನ್ನು ಬಿಟ್ಟರೆ ಮನೆಯವರಿಗೆ ಅವಮಾನ. ಇಬ್ಬರೂ ತಕ್ಷಣ ಕುಡಿದೆವು. ಹಿರಿಯ ಮಳೆಯ ಬಗ್ಗೆ, ಖರ್ಜೂರದ ಬಗ್ಗೆ ಮಾತಾಡಿ, ಬಂದ ಕಾರಣ ಕೇಳದೆಯೇ ನಮ್ಮನ್ನು ಬೀಳ್ಕೊಟ್ಟ.

ಇದನ್ನು ಕೇಳಿ ಅಲ್ಲಿಯವನೇ ಆದ ನನ್ನ ಮುದಿ ಗಿರಾಕಿಯೊಬ್ಬ ನಕ್ಕ. ಕಾಫಿ ಕುಡಿದವನಿಗೆ ಬೇಡಿಕೆಯೇನೂ ಇಲ್ಲವೆಂದು ಅರ್ಥವಂತೆ. ಕೇಳುವುದಿದ್ದರೆ ಬಟ್ಟಲನ್ನು ಮುಟ್ಟದೆ ಎದುರಿಗಿಡಬೇಕಂತೆ.

ಎರಡನೆಯ ಸಲ ಹಾಗೆಯೇ ಇಟ್ಟೆ. ಡ್ರೈವರ್ ಮೊಣಕೈಯಿಂದ ತಿವಿದ. "ಕುಡೀರಿ ಕಾಕಾ. ನಿಮ್ಮ ಮುದುಕ ಮಜಾಕ್ ಮಾಡ್ಯಾನರಿ."

"ಸುಮ್ಮ ಕೂಡೋ ತಮ್ಮಾ. ಹೋದ ಸಲ ಕುಡ್ದು ಏನ್ ಸಿಕ್ತು? ಕಹಿ ಬಾಯಿ."

ಕಾಫಿ ಆರುತ್ತಿದೆಯಲ್ಲ ಎಂದ ಹಿರಿಯ. ನಾನು ಅವನ ತಮ್ಮನ ಮಗನ ಹೆಸರೆತ್ತಲಿಲ್ಲ, ವಿಡಿಯೊದ ಮಾತೂ ಆಡಲಿಲ್ಲ. ನಮ್ಮ ಕಡೆಯ ಒಬ್ಬ ತಾಯಿ ಮಗನ ದಾರಿ ನೋಡುತ್ತಿದ್ದಾಳೆ, ಆ ಮಗ ನಿಮ್ಮ ಮನೆತನದ ಕುರಿಗಳ ಬಳಿ ಇದ್ದಾನೆ ಎಂದಷ್ಟೇ ಹೇಳಿದೆ. ಅವನು ಗಡ್ಡ ಸವರಿ, ಬಟ್ಟಲನ್ನು ನನ್ನತ್ತ ಸರಿಸಿದ.

"ಕುಡಿ," ಎಂದ. "ಅವನು ಹೋಗುತ್ತಾನೆ."

ಆ ವಾರವೇ ಪಾಸ್‌ಪೋರ್ಟ್ ಯುವಕನ ಕೈಗೆ ಬಂತು.

ಆದರೂ ನನಗೆ ನೆಮ್ಮದಿಯಿಲ್ಲ. ಆ ಕುರಿದೊಡ್ಡಿಯಲ್ಲಿ ಯಾವುದೋ ದೇಶದ ಇನ್ನೊಬ್ಬನೂ ಇದ್ದನೆಂದು ಯುವಕ ಆಮೇಲೆ ಹೇಳಿದ. ನಾನು ಕೇಳಿದ್ದು ಒಬ್ಬನಿಗಾಗಿ, ಸಿಕ್ಕವನೂ ಒಬ್ಬನೇ. ಊರಿನವರು ವಿಡಿಯೊ ಹಂಚಿ ಎಬ್ಬಿಸಿದ ಕೂಗಿನಲ್ಲಿ ಇನ್ನೊಬ್ಬನಿಗೂ ಜಾಗವಿತ್ತೇನೋ ಎಂದು ಒಮ್ಮೊಮ್ಮೆ ಅನ್ನಿಸಿ ಎದ್ದು ಓಡಾಡುತ್ತೇನೆ. ಆದರೆ ಇವನನ್ನು ಕರೆತಂದದ್ದು ಆ ಕೂಗಲ್ಲ.

ಡ್ರೈವರ್ ಈಗ ಭಾಲ್ಕಿಯಲ್ಲಿ ಆಟೋ ಓಡಿಸುತ್ತಾನೆ, ಕೇಳಿದರೆ ಹೇಳುತ್ತಾನೆ. ಅವನನ್ನೂ ನಂಬದವರು ಠಾಣಾ ಕುಶನೂರಿಗೆ ಹೋಗಲಿ. ತಾಯಿ ಇದ್ದಾಳೆ, ಮಗನೂ ಅಲ್ಲೇ ಇದ್ದಾನೆ, ಪಾಸ್‌ಪೋರ್ಟ್ ತೋರಿಸುತ್ತಾನೆ. ವಿಡಿಯೊ ಹೊರಬಿದ್ದದ್ದು ಯುಗಾದಿಯ ಹೊತ್ತಿಗೆ. ಪಾಸ್‌ಪೋರ್ಟಿನಲ್ಲಿ ಆ ದೇಶ ಬಿಟ್ಟ ಮುದ್ರೆ ಬಿದ್ದದ್ದು ದಸರೆಯ ಹೊತ್ತಿಗೆ.