ಬಾಗಿಲು ದಾಟದ ರೈಲು

ವೃತ್ತಿಯಿಂದ ನಾನು ಭೂಮಾಪಕ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಹೊಲಗಳಲ್ಲಿ ಸರಪಳಿ ಎಳೆಯುತ್ತಲೇ ಆಯುಷ್ಯದ ಬಹುಭಾಗ ಕಳೆದವನು. ಅಣ್ಣತಮ್ಮಂದಿರು ಮಾತು ಬಿಟ್ಟ ಬದುಗಳ ಮೇಲೆ ನಿಂತು, ಒಂದು ಗೇಣು ನೆಲವೂ ಆಚೀಚೆ ಆಗದಂತೆ ಅಳೆದು ಕಲ್ಲು ನೆಡಿಸಿದ್ದೇನೆ. ಅಂಥವನು ತಾನು ಬಾಡಿಗೆಗಿದ್ದ ಮನೆಯ ಕೋಣೆಯ ಬಾಗಿಲನ್ನು ಮಾತ್ರ ಅಳೆಯಲಿಲ್ಲ. ಈ ಸಂಗತಿ ಗೊತ್ತಿದ್ದವರು ಮೂವರೇ. ಅವರಲ್ಲಿ ಒಬ್ಬರು ಈಗಿಲ್ಲ. ಇನ್ನೊಬ್ಬರಿಗೆ ಮರೆತಿರಬಹುದು. ಮೂರನೆಯವಳು ನನ್ನ ಹೆಂಡತಿ ಶಾಂತಾ. ಅವಳಿಗೆ ಮರೆವು ಎಂಬುದಿಲ್ಲ.

ಬಾಗಿಲಿನ ಎತ್ತರ ಐದು ಅಡಿ, ಅಗಲ ಎರಡು. ಆಳಂದದ ಹಳೆಯ ಕಲ್ಲುಮನೆಗಳಲ್ಲಿ ಒಳಕೋಣೆಯ ಬಾಗಿಲು ಅಷ್ಟೇ ಇರುತ್ತದೆ, ಎಲ್ಲರೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಆ ಕೋಣೆಯೊಳಗೆ ನಾನು ಒಂದೊಂದೇ ಹಲಗೆ ತಂದು ಕಟ್ಟಿದ ಮಂಚದ ಉದ್ದ ಎಂಟು ಅಡಿ, ಅಗಲ ಐದೂವರೆ. ಮಂಚದ ಮೇಲೆ ಒಂದು ಆಟಿಕೆಯ ರೈಲು, ಅದಕ್ಕೊಂದು ನಿಲ್ದಾಣ, ಒಂದು ಗುಡ್ಡ, ಒಂದು ಬೇವಿನ ಮರ, ಒಂದು ಗೇಟು. ವರ್ಗದ ಆದೇಶ ಕೈಗೆ ಬಂದ ದಿನ ಬಾಗಿಲಿನ ಕರ್ಣದ ಲೆಕ್ಕ ಹಾಕಿದೆ. ಐದು ಅಡಿ ನಾಲ್ಕೂವರೆ ಇಂಚು. ಹೇಗೆ ಓರೆ ಮಾಡಿದರೂ ಒಂದೂವರೆ ಇಂಚು ಕಡಿಮೆ. ಒಂಬತ್ತು ಹತ್ತು ವರ್ಷ ಆ ಬಾಗಿಲಲ್ಲಿ ತಲೆ ಬಗ್ಗಿಸಿ ಓಡಾಡಿದವನಿಗೆ ಇದು ಹೊಳೆದಿರಲಿಲ್ಲ. ಸರಕಾರಿ ನೌಕರನಿಗೆ ವರ್ಗವಾಗುತ್ತದೆಂದು ಗೊತ್ತಿರುತ್ತದೆ, ಆದರೆ ಅದು ಪಕ್ಕದ ಮೇಜಿನವನಿಗೆ ಆಗುವಂಥದ್ದು ಎಂದು ಅವನು ನಂಬಿಕೊಂಡಿರುತ್ತಾನೆ.

ರೈಲಿನ ಹುಚ್ಚು ನನಗೆ ಹತ್ತಿದ್ದು ರೈಲು ಇಲ್ಲದ್ದರಿಂದ. ನಾನು ಹುಟ್ಟಿದ್ದು ಇಜೇರಿಯಲ್ಲಿ. ಅಲ್ಲಿ ರೈಲಿಲ್ಲ. ಕೆಲಸ ಮಾಡಿದ ಮೂರು ತಾಲ್ಲೂಕು ಕೇಂದ್ರಗಳಲ್ಲೂ ಆಗ ರೈಲಿರಲಿಲ್ಲ. ಮೊದಲ ಸಲ ರೈಲು ಹತ್ತಿದ್ದು ಸೋದರತ್ತೆಯ ಹರಕೆಯ ಸಲುವಾಗಿ, ಗಾಣಗಾಪುರಕ್ಕೆ ಹೋಗುವಾಗ. ನಾವು ಇಳಿದ ನಿಲ್ದಾಣದ ಫಲಕದ ಮೇಲೆ 'ಗಾಣಗಾಪುರ ರೋಡ್' ಎಂದು ಬರೆದಿತ್ತು. ಅತ್ತೆ ಇಳಿದವಳೇ ಚಪ್ಪಲಿ ಬಿಟ್ಟು ಕೈಮುಗಿದು ಗುಡಿ ಎಲ್ಲಿ ಎಂದು ಕೇಳಿದಳು. ಗುಡಿಗೆ ಅಲ್ಲಿಂದ ಇನ್ನೂ ತಾಸಿನ ಬಸ್ಸಿನ ಹಾದಿ. ಊರಿನ ಹೆಸರಿನ ಮುಂದೆ ಹೀಗೆ 'ರೋಡ್' ಎಂದು ಬರೆದಿದ್ದರೆ ಊರು ಇಲ್ಲಿಲ್ಲ ಎಂದೇ ತಿಳಿಯಬೇಕು. ದೇಶದ ತುಂಬ ಇಂಥ ನಿಲ್ದಾಣಗಳಿವೆ, ಇಳಿದವರಿಗೆ ಅಲ್ಲಿಂದ ಮುಂದೆ ಎಷ್ಟು ದೂರ ಎಂಬುದನ್ನು ಮಾತ್ರ ಅವು ಹೇಳುವುದಿಲ್ಲ. ನನಗೆ ಅವತ್ತು ಗುಡಿಗಿಂತ ಎಂಜಿನ್ನಿನ ಹೊಗೆಯೇ ಹೆಚ್ಚು ನೆನಪಿನಲ್ಲಿ ಉಳಿಯಿತು. ಅತ್ತೆಗೆ ಇದನ್ನು ಹೇಳಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಆಳಂದಕ್ಕೆ ಬಂದೆ. ಸೊಲ್ಲಾಪುರದ ಬಜಾರಿನಲ್ಲಿ ಕೀಲಿ ಕೊಟ್ಟರೆ ಓಡುವ ತಗಡಿನ ಎಂಜಿನ್ನೂ ಮೂರು ಡಬ್ಬಿಗಳೂ ಸಿಕ್ಕವು. ಜೊತೆಗೆ ಬಂದ ಹಳಿ ಒಂದು ತಾಟಿನಷ್ಟು ಅಗಲದ ಸುತ್ತಿಗೆ ಸಾಲುತ್ತಿತ್ತು. ನನಗೆ ದೊಡ್ಡ ಸುತ್ತು ಬೇಕಿತ್ತು. ಹಳೆಯ ಛತ್ರಿಗಳ ಕಡ್ಡಿ ಬಿಚ್ಚಿ ಹಳಿ ಮಾಡಿದೆ. ಮಳೆ ಅಪರೂಪವಾದ ನಮ್ಮ ಕಡೆ ಛತ್ರಿಗೇನೂ ಬರವಿಲ್ಲ, ಜನ ಬಿಸಿಲಿಗೆ ಹಿಡಿಯುತ್ತಾರೆ. ನೆಲಕ್ಕೆ ಹೊಲದ ಎರೆಮಣ್ಣು ತಂದು ಮೆತ್ತಿದೆ. ಇದು ತಿಳಿದವರು ಮಾಡುವ ಕೆಲಸವಲ್ಲ. ಬೇಸಿಗೆ ಬಂದೊಡನೆ ಹೊಲದಲ್ಲಿ ಬಿಡುವಂತೆಯೇ ಮಂಚದ ಮೇಲೂ ಮಣ್ಣು ಬಿರುಕು ಬಿಟ್ಟು ಹಳಿ ಎದ್ದು ನಿಂತಿತು. "ಊರ ಮಂದಿ ಹೊಲ ಅಳೀತೀರಿ, ಯಾವ ಮಣ್ಣ ಏನ ಮಾಡ್ತದ ಅಂತ ಗೊತ್ತಿಲ್ಲೇನ್ರಿ ನಿಮಗ?" ಎಂದಳು ಶಾಂತಾ. ಮಣ್ಣು ಕೆರೆದು, ಬಿರುಕು ಬಿಡದ ಗರಸು ಹಾಕಿದೆ. ಆಮೇಲೆ ರೈಲು ಓಡಿತು. ಒಮ್ಮೆ ಕೀಲಿ ಕೊಟ್ಟರೆ ಒಂದೂವರೆ ಸುತ್ತು.

ಆ ಮೇಲೆ ಬಂದವರು ಕಾಶಪ್ಪ ಕಾಕಾ. ರೈಲ್ವೆಯಲ್ಲಿ ಗೇಟು ಕಾಯುವ ಕೆಲಸ ಮಾಡಿ ನಿವೃತ್ತರಾಗಿ, ನಮ್ಮ ಓಣಿಯಲ್ಲಿ ಎರಡು ಮನೆ ಆಚೆ ಒಂದೇ ಕೋಣೆಯಲ್ಲಿ ಇದ್ದವರು. ಶಬ್ದ ಕೇಳಿ ಬಂದರು. ತಲೆ ಬಗ್ಗಿಸಿ ಒಳಗೆ ಬಂದು, ಹಣೆಯ ವಿಭೂತಿ ಸರಿಮಾಡಿಕೊಂಡು, ರೈಲು ಒಂದು ಸುತ್ತು ಬರುವವರೆಗೆ ನೋಡಿದರು. ಹಳಿಯನ್ನು ಒಂದು ಕಡೆ ರಸ್ತೆ ದಾಟುತ್ತಿತ್ತು.

"ಗೇಟ ಎಲ್ಲೈತ್ರಿ ಸಾಹೇಬ್ರ?" ಎಂದರು.

ಗೇಟು ಇರಲಿಲ್ಲ. ಮರುದಿನ ಅವರೇ ಮಾಡಿ ತಂದರು. ಹಳಿಯ ಆಚೆಗೊಂದು ಈಚೆಗೊಂದು ಬಿದಿರಿನ ಎರಡು ಕಡ್ಡಿ, ಮೇಲೆ ಎತ್ತಿದರೆ ಎದ್ದು ನಿಲ್ಲುತ್ತವೆ, ಇಳಿಸಿದರೆ ಅಡ್ಡ ಮಲಗುತ್ತವೆ. ಮತ್ತೊಂದು ವಾರಕ್ಕೆ ಜೋಳದ ದಂಟಿನಲ್ಲಿ ಒಂದು ಬಂಡಿ ಮಾಡಿದರು, ಬೆಂಡಿನ ಎರಡು ಎತ್ತು, ನೊಗ, ಗಾಲಿ, ಎಲ್ಲವೂ ಹೆಬ್ಬೆರಳಿನ ಗಾತ್ರದ್ದು. ಬಂಡಿಯನ್ನು ಗೇಟಿನ ಈಚೆ ನಿಲ್ಲಿಸಿ ಗೇಟು ಇಳಿಸಿದರು. ಆಮೇಲೆಯೇ ಕೀಲಿ ಕೊಡಲು ನನಗೆ ಸನ್ನೆ ಮಾಡಿದರು. ರೈಲು ಹೋಯಿತು. ಅವರು ಗೇಟು ಎತ್ತಲಿಲ್ಲ.

"ಗಾಡಿ ಹೋತಲ್ಲ ಕಾಕಾ, ತೆಗೀರಿ," ಎಂದೆ.

"ನಿಮ್ಮ ಗಾಡೀಗಿ ಹಿಂದ ನಿಶಾನಿ ಇಲ್ರಿ. ಕಡೀ ಡಬ್ಬಿ ಹೋತು ಅಂತ ನಾ ಹ್ಯಾಂಗ ತಿಳೀಲಿ? ನಡುವ ಕೊಂಡಿ ಕಡದು ಹಿಂದಿನ ಡಬ್ಬಿ ಎಲ್ಲೋ ನಿಂತಿದ್ರ?"

ರೈಲಿನ ಕೊನೆಯ ಡಬ್ಬಿಯ ಬೆನ್ನಿಗೆ ಒಂದು ಕೆಂಪು ಗುರುತು ಇರುತ್ತದೆ. ಅದನ್ನು ಕಣ್ಣಾರೆ ಕಾಣುವ ತನಕ ರೈಲು ದಾಟಿತೆಂದು ಗೇಟಿನವನು ತಿಳಿಯಕೂಡದು. ಅದು ಅವರ ಕೆಲಸದ ನಿಯಮ. ನಾನು ನಕ್ಕೆ. ನಾಳೆ ಬಣ್ಣ ಹಚ್ಚುತ್ತೇನೆ ಎಂದೆ. ಹಚ್ಚಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ.

ಎರಡು ವರ್ಷವಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ, ನಾನು ಎಂಜಿನ್ನಿಗೆ ಎಣ್ಣೆ ಬಿಡುತ್ತಿದ್ದಾಗ, ಯಾರೂ ಕೇಳದೆಯೇ ಅವರು ನೌಕರಿಯಲ್ಲಿದ್ದಾಗಿನ ಒಂದು ಸಂಗತಿ ಹೇಳಿದರು. ಯಾವ ಗೇಟು ಎಂಬುದನ್ನೂ ಹೇಳಿದರು, ಅದನ್ನು ನಾನು ಬರೆಯುವುದಿಲ್ಲ. ಅವರ ಮಾತನ್ನು ಕೇಳಿದಂತೆಯೇ ಬರೆಯುತ್ತೇನೆ.

"ಗಾಡಿ ಬರೂದು ಗೊತ್ತಿತ್ರಿ. ಒಂದು ಬಾಜೂ ಗೇಟ ಹಾಕಿದ್ದೆ. ಆ ಕಡಿಂದ ಜೋಳದ ಕಣಿಕಿ ಹೇರಿದ ಬಂಡಿ ಬಂತು. 'ಒಂದ ಬಂಡಿ ಬಿಡೋ ಅಣ್ಣಾ' ಅಂದ ಬಂಡಿ ಹೊಡಿಯಾವ. ಬಿಟ್ಟೆ. ಗಾಲಿ ಹಳಿ ಸಂದಿನ್ಯಾಗ ಸಿಕ್ತು. ಅವ ಜಿಗದ ಬಿಟ್ಟ. ಎತ್ತು ನೊಗಕ್ಕ ಕಟ್ಟಿದ್ವು. ಅವು ಎಲ್ಲಿ ಜಿಗೀಬೇಕ್ರಿ?"

ಇಷ್ಟೇ. ಎಣ್ಣೆಯ ಬಾಟಲಿ ನನ್ನ ಕೈಯಲ್ಲಿಯೇ ಇತ್ತು. "ಚಹಾ ತರಸ್ಲೇನ್ರಿ?" ಎಂದೆ. ಇಷ್ಟು ವರ್ಷಗಳ ಮೇಲೂ ಆ ಮಾತಿಗೆ ನನಗೆ ನಾಚಿಕೆಯಾಗುತ್ತದೆ. ಅವರು ಚಹಾ ಕುಡಿದು ಹೋದರು. ಮರುದಿನ ಬಂದು ಎಂದಿನಂತೆ ಗೇಟು ಸರಿಯಾಗಿ ಇಳಿದಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ ಕುಳಿತರು. ಬಂಡಿ ಅಲ್ಲಿಯೇ ನಿಂತಿತ್ತು. ಶಾಂತಾ ವಾರಕ್ಕೊಮ್ಮೆ ಕೋಳಿಪುಚ್ಚದಿಂದ ಗುಡ್ಡದ ಧೂಳು ಒರೆಸುವಾಗ ಎತ್ತುಗಳ ಬೆನ್ನನ್ನೂ ಒರೆಸುತ್ತಿದ್ದಳು.

ಹೀಗೆ ಎಂಟು ವರ್ಷ. ಎಂಬತ್ತರ ದಶಕದ ಕೊನೆಗೆ ಜೇವರ್ಗಿಗೆ ವರ್ಗವಾಯಿತು. ಮನೆಯ ಮಾಲಕರಿಗೆ ಆ ಕೋಣೆ ತೊಗರಿ ಚೀಲ ಇಡಲು ಬೇಕಿತ್ತು. ಮಾಲಕರ ಹೆಂಡತಿ ಮಾತ್ರ ಮಂಚವನ್ನು ಹಾಗೇ ಬಿಟ್ಟುಹೋಗಿರಿ, ಅದರ ಮೇಲೆ ಶ್ಯಾವಿಗೆ ಒಣಗಿಸಲು ಬಂದೀತು ಎಂದರು. ಗುಡ್ಡದ ಮೇಲೆ ಶ್ಯಾವಿಗೆ ಹರಡಿದ್ದನ್ನು ನೆನೆಸಿಕೊಂಡು ನನಗೆ ಊಟ ಸೇರಲಿಲ್ಲ.

ಕಾಶಪ್ಪ ಕಾಕಾ ಅವರಿಗೆ ಅದನ್ನು ಕೊಡುತ್ತೇನೆಂದೆ. ಅವರು ಬೇಡವೆಂದು ತಲೆಯಾಡಿಸಿದರು.

"ನಮ್ಮ ಖೋಲಿ ಹಿಡಿಯಂಗಿಲ್ಲ ಸಾಹೇಬ್ರ. ಹಿಡದ್ರೂ ಬ್ಯಾಡ. ಗಾಡಿ ಮನ್ಯಾಗ ಇಟ್ಟಕೊಂಡ ನನಗ ನಿದ್ದಿ ಬರಂಗಿಲ್ಲ."

ಕೊನೆಗೆ ಬಡಿಗ ಮೌನಪ್ಪನನ್ನು ಕರೆಸಿದೆ. ಮಂಚವನ್ನು ಮೂರು ತುಂಡು ಮಾಡುವುದು, ಗುಡ್ಡ ಇರುವ ತುಂಡನ್ನು ರೈಲಿನ ಸಮೇತ ಶಾಲೆಗೆ ಕೊಡುವುದು, ಉಳಿದದ್ದರ ಹಲಗೆಯನ್ನು ಅವನೇ ಇಟ್ಟುಕೊಳ್ಳುವುದು ಎಂದಾಯಿತು. ಲಾರಿ ಬರುವ ದಿನ ಬೆಳಿಗ್ಗೆ ಅವನು ಬಂದ. ಮೊಳೆಗಳು ಇಲ್ಲದ ಜಾಗ ಹುಡುಕಿ ಸುಣ್ಣದ ಬಳಪದಿಂದ ಎರಡು ಗೆರೆ ಎಳೆದ. ಒಂದು ಗೆರೆ ಬೇವಿನ ಮರದ ಪಕ್ಕದಲ್ಲಿ ಹೋಯಿತು. ಇನ್ನೊಂದು ರಸ್ತೆಗೆ ಅಡ್ಡಲಾಗಿ, ಗೇಟಿನ ಈಚೆ ಬಂಡಿ ನಿಂತಲ್ಲಿ ಹಾದುಹೋಯಿತು.

"ಕಾಕಾ, ಬಂಡಿ ತಗದ ಈ ಕಡಿ ಇಡ್ರಿ. ಗರಗಸ ಅಲ್ಲೇ ಬರ್ತದ," ಎಂದ ಮೌನಪ್ಪ.

ಕಾಶಪ್ಪ ಕಾಕಾ ಕೈ ಚಾಚಲಿಲ್ಲ.

"ಎರಡ ಬೆರಳಿನ ಕೆಲಸ ಅದ. ನಾ ತಗೀಲೇನು?"

"ಮುಟ್ಟಬ್ಯಾಡಲೇ," ಎಂದರು ಕಾಕಾ. ದನಿ ಏರಿಸಿರಲಿಲ್ಲ. "ಗಾಡಿ ಇನ್ನಾ ದಾಟಿಲ್ಲ."

ಮೌನಪ್ಪ ನನ್ನ ಮುಖ ನೋಡಿದ. ಅವನಿಗೆ ಬೇರೆ ಕಡೆಯೂ ಕೆಲಸವಿತ್ತು. ಲಾರಿ ಓಣಿಯ ಬಾಯಿಗೆ ಬಂದು ಹಾರ್ನ್ ಹೊಡೆಯುತ್ತಿತ್ತು. ನಾನು ಕೊನೆಯ ಡಬ್ಬಿಯ ಬೆನ್ನು ನೋಡಿದೆ. ಬರಿಯ ತಗಡು. ನಾಳೆ ಹಚ್ಚುತ್ತೇನೆ ಎಂದು ಎಂಟು ವರ್ಷದ ಹಿಂದೆ ಹೇಳಿದ್ದು ನಾನು. ಎರಡು ಎತ್ತುಗಳನ್ನು ಅಷ್ಟು ಕಾಲ ಅಲ್ಲಿ ನಿಲ್ಲಿಸಿದ್ದೂ ನಾನು.

ಬಣ್ಣದ ಡಬ್ಬಿ ಲಾರಿಗೆ ಹೋಗುವ ಗಂಟಿನಲ್ಲಿ ಎಲ್ಲೋ ಸೇರಿತ್ತು. ಹುಡುಕುತ್ತ ನಿಂತವನನ್ನು ನೋಡಿ ಶಾಂತಾ ದೇವರ ಗಂಟು ಬಿಚ್ಚಿ ಕುಂಕುಮದ ಭರಣಿ ತಂದಳು. ಒಂದು ಹನಿ ಎಣ್ಣೆಯಲ್ಲಿ ಕಲಸಿ, ಹಣೆಗೆ ಇಡುವಂತೆಯೇ, ಕೊನೆಯ ಡಬ್ಬಿಯ ಬೆನ್ನಿಗೆ ಇಟ್ಟಳು.

"ಈಗ ನಡೀತದೇನ್ರಿ ಕಾಕಾ?"

ಅವರು ಬಗ್ಗಿ ನೋಡಿದರು. "ನಡೀತದವ್ವಾ."

ನಿಲ್ದಾಣದಲ್ಲಿ ರೈಲು ನಿಲ್ಲಿಸಿ ಕೀಲಿ ಕೊಟ್ಟೆ. ಎಂದೂ ಕುಳಿತೇ ನೋಡುತ್ತಿದ್ದ ಕಾಕಾ ಅವತ್ತು ಎದ್ದು ನಿಂತಿದ್ದರು. ಗೇಟು ನಿಲ್ದಾಣಕ್ಕೆ ಎದುರು ಬದಿಯಲ್ಲಿ, ಅರ್ಧ ಸುತ್ತಿನ ದೂರದಲ್ಲಿತ್ತು. ಎಂಜಿನ್ ಹೋಯಿತು, ಒಂದು ಡಬ್ಬಿ, ಎರಡು, ಮೂರು. ಕೆಂಪು ಬೊಟ್ಟು ಅವರ ಮುಂದೆ ಹಾದು ಬೇವಿನ ಮರದ ತನಕ ಹೋಯಿತು. ಆಗ ಅವರು ಆಚೆಯ ಗೇಟು ಎತ್ತಿದರು. ಆಮೇಲೆ ಈಚೆಯದು. ತೋರುಬೆರಳನ್ನು ಬಂಡಿಯ ಹಿಂದೆ ಇಟ್ಟು ಮೆಲ್ಲಗೆ ನೂಕಿದರು.

"ನಡೀರೆಪಾ, ನಡೀರಿ."

ಮೊದಲ ಹಳಿ ದಾಟಿತು. ಎರಡನೆಯ ಹಳಿಗೆ ಗಾಲಿ ತಡೆಯಿತು. ದಂಟಿನ ಗಾಲಿ, ಎಂಟು ವರ್ಷದಲ್ಲಿ ಒಣಗಿ ಸೊಟ್ಟಗಾಗಿತ್ತು. ಅವರ ಬೆರಳು ನಿಂತಿತು. ಆ ಹೊತ್ತಿಗೆ ಎಂಜಿನ್ ನಿಲ್ದಾಣ ದಾಟಿ ಎರಡನೆಯ ಸಲ ಬರುತ್ತಿತ್ತು. ಒಂದೂವರೆ ಸುತ್ತು, ಅಂದರೆ ಸರಿಯಾಗಿ ಗೇಟಿನ ತನಕ, ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತು, ಮೌನಪ್ಪನೊಬ್ಬನನ್ನು ಬಿಟ್ಟು. ನನ್ನ ಕೈ ತಾನಾಗಿಯೇ ಎಂಜಿನ್ನಿನ ಕಡೆ ಹೋಯಿತು.

"ಬ್ಯಾಡ ಸಾಹೇಬ್ರ. ಟೈಮ್ ಅದ," ಎಂದರು ಕಾಕಾ.

ಉಗುರಿನ ತುದಿಯಿಂದ ಗಾಲಿಯನ್ನು ಕೂದಲೆಳೆಯಷ್ಟು ಎತ್ತಿದರು. ಬಂಡಿ ಆಚೆ ಇಳಿಯಿತು. ಈಚೆಯ ಗೇಟು ಇಳಿಸಿದರು, ಆಚೆಯದನ್ನೂ ಇಳಿಸಿದರು, ಎರಡನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಎಂಜಿನ್ ನಿಧಾನವಾಗುತ್ತ ಬಂದು, ಕೀಲಿ ಮುಗಿದು, ಗೇಟು ಮುಟ್ಟುವ ಮೊದಲೇ ನಿಂತಿತು. ನಾನು ಟೇಪು ತೆಗೆದು ಎಂಜಿನ್ನಿಗೂ ಗೇಟಿಗೂ ನಡುವಿನ ಅಂತರ ಅಳೆದೆ. ಒಂಬತ್ತು ಇಂಚು.

"ಈಗ ಕೊಯ್ಲೇನ್ರಿ?" ಎಂದ ಮೌನಪ್ಪ. ಅವನ ದನಿಯೂ ಇಳಿದಿತ್ತು.

"ಕೊಯ್ಯಪಾ," ಎಂದರು ಕಾಶಪ್ಪ ಕಾಕಾ. "ಬಂಡಿ ದಾಟೇದ."

ಕೊಯ್ಯುವುದನ್ನು ನೋಡಲು ಅವರು ನಿಲ್ಲಲಿಲ್ಲ. ತಲೆ ಬಗ್ಗಿಸಿ ಬಾಗಿಲು ದಾಟಿ ಹೋದರು. ನಾನು ನಿಂತು ನೋಡಿದೆ. ಛತ್ರಿ ಕಡ್ಡಿಗಳಿಗೆ ಗರಗಸ ತಾಗಿದಾಗ ಆಗುವ ಸದ್ದನ್ನು ಬರೆದು ತಿಳಿಸುವುದು ಆಗದ ಮಾತು. ಮೂರು ತುಂಡುಗಳೂ ಸರಾಗವಾಗಿ ಹೊರಗೆ ಬಂದವು. ಲಾರಿ ಹೊರಡುವಾಗ ಕಾಕಾ ಓಣಿಯ ಬಾಯಲ್ಲಿ ನಿಂತಿದ್ದರು. ಕೈ ಬೀಸಲಿಲ್ಲ. ಲಾರಿಯ ಹಿಂಭಾಗ ಕಣ್ಣಿಗೆ ಬೀಳುವ ತನಕ ಕಾದು ನಿಂತು, ನೋಡಿ, ಆಮೇಲೆ ತಿರುಗಿ ನಡೆದರು.

ಜೇವರ್ಗಿಯ ಮನೆಗೆ ಕಾಲಿಡುವ ಮೊದಲೇ ನಾನು ಟೇಪು ಹಿಡಿದು ಒಳಬಾಗಿಲು ಅಳೆಯುತ್ತಿದ್ದೆ. ಎತ್ತರ ಆರೂವರೆ, ಅಗಲ ಮೂರೂ ಕಾಲು. ಹಾಲು ಉಕ್ಕಿಸುವ ಪಾತ್ರೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಶಾಂತಾ, "ಈಗ ಏನ ತರೂದದ ಅಂತ ಅಳೀತೀರಿ?" ಎಂದಳು.

ತರುವಂಥದ್ದು ಏನೂ ಇರಲಿಲ್ಲ. ಜೇಬಿನಲ್ಲಿ ಒಂದು ತಗಡಿನ ಡಬ್ಬಿ ಇತ್ತು, ಕೊನೆಯದು. ಅದಕ್ಕೆ ಯಾವ ಬಾಗಿಲಾದರೂ ಸಾಲುತ್ತದೆ. ಅದರ ಬೆನ್ನಿನ ಕುಂಕುಮ ನನ್ನ ಅಂಗಿಗೆ ಹತ್ತಿತ್ತು. ಅವಳು ಅದನ್ನು ನೋಡಿದಳು, ಒಗೆಯಲು ಹಾಕಿ ಎನ್ನಲಿಲ್ಲ, ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟಳು. ಬಾಗಿಲು ಅಷ್ಟು ಎತ್ತರವಿದ್ದರೂ ನಾನು ತಲೆ ಬಗ್ಗಿಸಿಯೇ ಒಳಗೆ ಹೋದೆ.