ಆಯಿಯ ಕಾಲ ಮೇಲಿನ ಕೂಸು

ಆಕ್ಲೆಂಡಿನಲ್ಲಿ ಜೂನ್ ಅಂದರೆ ಚಳಿಗಾಲ; ಆ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಗಟ್ಟಿಯಾಗಿ ಕೂತಿತ್ತು. ಹೀಟರ್ ಮುಂದೆ ಇಟ್ಟೆ. ಕರಗುತ್ತ ಕರಗುತ್ತ ಅದರ ವಾಸನೆ ಫ್ಲ್ಯಾಟ್ ಬುಷ್ ಬಡಾವಣೆಯ ನಮ್ಮ ಮನೆ ತುಂಬ ಹರಡಿತು. ಎಣ್ಣೆ ಕರಗಿಸಲು ಹೀಟರ್ ಬೇಕಿಲ್ಲದ ಒಬ್ಬಾಕೆ ಇದ್ದಳು. ಬಾಟಲಿಯನ್ನು ಸ್ವೆಟರಿನೊಳಗೆ ಕಂಕುಳಲ್ಲಿ ಸಿಕ್ಕಿಸಿಕೊಂಡು, ಚಹಾ ಕುಡಿದು ಮುಗಿಸುವಷ್ಟರಲ್ಲಿ ಕರಗಿಸಿ ಕೊಡುತ್ತಿದ್ದಳು. ತಬ್ಬಲಿ ಕುರಿಮರಿಗಳನ್ನೂ ಹೀಗೇ ಬೆಚ್ಚಗಿಡುತ್ತಿದ್ದಳಂತೆ.

ಹದಿನೈದು ವರ್ಷದ ಹಿಂದೆ ಆಕೆ ನಮ್ಮ ನೆರೆಮನೆಯಾಕೆ. ಆಗ ನನ್ನ ಗಂಡನಿಗೆ ಈ ದೇಶದ ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಯಲ್ಲಿ, ಒಂದು ಸಣ್ಣ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಊರು ಅಂದರೆ ಊರೂ ಅಲ್ಲ. ಒಂದೇ ರಸ್ತೆ, ಅದರ ಗುಂಟ ಅಲ್ಲೊಂದು ಇಲ್ಲೊಂದು ತಗಡಿನ ಮನೆ, ಒಂದು ಪಬ್, ಹಾಲಿನಿಂದ ಮೀನಿನ ಗಾಳದವರೆಗೆ ಎಲ್ಲ ಮಾರುವ ಒಂದು ಡೈರಿ ಅಂಗಡಿ. ಮುಂದೆ ಬೂದುಬಣ್ಣದ ನದಿ, ಹಿಂದೆ ಮನುಷ್ಯರು ಹೊಗದ ಕಾಡು. ಹುಬ್ಬಳ್ಳಿ ಪೇಟೆಯ ಗದ್ದಲದಲ್ಲಿ ಬೆಳೆದವಳು ನಾನು. ಅಲ್ಲಿ ಯಾರದಾದರೂ ಯೂಟ್ ಗಾಡಿಯ ಸದ್ದು ಕೇಳಿದರೆ ಸಾಕು, ಮನುಷ್ಯರ ಮುಖ ಕಂಡೀತೆಂದು ಕಿಟಕಿಗೆ ಓಡುತ್ತಿದ್ದೆ.

ಬಾಣಂತನಕ್ಕೆ ಬರಬೇಕಿದ್ದ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ನಾನು ನರ್ಸ್, ಎಷ್ಟೋ ಕೂಸುಗಳನ್ನು ಎತ್ತಿದ ಕೈ ನನ್ನದು. ಆದರೆ ಏನು ಹೇಳಲಿ, ನನ್ನ ಕೂಸನ್ನು ಎತ್ತಲು ಮಾತ್ರ ನನಗೆ ಹೆದರಿಕೆ. ಅದು ಹಾಲು ಕುಡಿಯದು, ನಿದ್ದೆ ಮಾಡದು, ಅದರ ಜೊತೆ ನಾನೂ ಅಳುವುದು. ಈ ಕಾಡೂ ಬೇಡ, ಈ ಸಂಸಾರವೂ ಬೇಡ, ಕೂಸನ್ನು ಕಟ್ಟಿಕೊಂಡು ಹುಬ್ಬಳ್ಳಿಗೆ ಹೋಗಿಬಿಡುತ್ತೇನೆ ಅಂತ ಬ್ಯಾಗು ತುಂಬಿದ್ದೆ.

ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ನೆರೆಮನೆಯಾಕೆ ಬಟ್ಟೆ ಒಗೆಯುವ ಕೋಣೆಯ ಕಿಟಕಿಯ ಹತ್ತಿರ ಮಾತ್ರ ಸಿಗುತ್ತಿತ್ತು. ಅಲ್ಲಿಗೆ ಹೋಗಿ ಅವ್ವನಿಗೆ ಫೋನ್ ಹಚ್ಚಿ, ಬ್ಯಾಗಿನ ವಿಷಯ ಹೇಳಿ ಗೋಳೋ ಅಂತ ಅತ್ತೆ. ಅವ್ವ ಗದರಿದಳು.

"ಹುಚ್ಚಿ! ಕೂಸಿಗೆ ಎಣ್ಣಿ ಹಚ್ಚಿ ಬಿಸಿನೀರು ಎರದರ ತಾನ ಮಲಗತದ. ಬಾಜೂಕ ಯಾರರೆ ಹೆಂಗಸರು ಅದಾರೋ ಇಲ್ಲೋ?"

ಇದ್ದಳು. ನನ್ನ ಅಳು ಕೇಳಿ ಗಮ್‌ಬೂಟಿನಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ಗಂಡ ಸತ್ತು ಬಹಳ ವರ್ಷವಾಗಿದ್ದ, ಮಕ್ಕಳಿಲ್ಲದ ಒಂಟಿ ಮುದುಕಿ. ಅವ್ವ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಕಾಲ ಮೇಲೆ ಮಲಗಿಸಿಕೊಂಡು ಎರೆಯಬೇಕು ಅಂದೆ. ಆಕೆ ಬೂಟು ಕಳಚಿದಳು, ಪ್ಯಾಂಟನ್ನು ಮೊಣಕಾಲಿಗೆ ಮಡಚಿದಳು, ನೆಲದ ಮೇಲೆ ಕಾಲು ಚಾಚಿ ಕೂತಳು. "ನಿನ್ನ ಅಮ್ಮನಿಗೆ ಹೇಳು, ನಾನು ರೆಡಿ" ಅಂದಳು.

ಅಂದಿನಿಂದ ದಿನಾ ಅದೇ ನಡೆಯಿತು. ಇಲ್ಲಿ ಮಧ್ಯಾಹ್ನವಾದಾಗ ಅಲ್ಲಿ ಅವ್ವ ಆಗಷ್ಟೇ ಎದ್ದಿರುತ್ತಿದ್ದಳು. ಫೋನನ್ನು ಕಿಟಕಿಯಲ್ಲಿಟ್ಟು ಸ್ಪೀಕರ್ ಹಾಕಿದರೆ ಹುಬ್ಬಳ್ಳಿಯಿಂದ ಅವ್ವನ ಆರ್ಡರು: "ಮೂಗ ತೀಡಂತ ಹೇಳು ಆ ಆಯಿಗೆ." ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ, ನೆರೆಮನೆಯಾಕೆಗೂ ಅದೇ ಹೆಸರು ನಿಂತಿತು. ಕೂಸು ಕಿರುಚಿದರೆ ಅವ್ವ ಫೋನಿನಿಂದಲೇ "ಆತ್ ನಮ್ಮವ್ವಾ, ಆತ್ ಆತ್" ಅಂತ ರಮಿಸುವಳು. ಸ್ವಲ್ಪ ದಿನಕ್ಕೆ ಆಯಿಯ ಬಾಯಲ್ಲೂ ಅದೇ ಮಾತು, ಅದೇ ರಾಗ. ಎರೆದುಕೊಂಡ ಕೂಸು ಹೊಟ್ಟೆ ತುಂಬ ಹಾಲು ಕುಡಿದು ಸಂಜೆತನಕ ಮಲಗತೊಡಗಿತು. ನಾನು ಬ್ಯಾಗು ಬಿಚ್ಚಿದೆ.

ಒಂದು ದಿನ ಅವ್ವ ಕಳಿಸಿದ ಕುಲಾವಿಯನ್ನು ಅಂಗಳದಲ್ಲಿ ಒಣಹಾಕಿದ್ದೆ. ಹಾರಲು ಬಾರದ ಆ ಊರಿನ ಕಳ್ಳಹಕ್ಕಿ ವೇಕಾ ಅದನ್ನು ಕಚ್ಚಿಕೊಂಡು ಓಟ ಕಿತ್ತಿತು. ಆಯಿ ಕಸಬರಿಗೆ ಹಿಡಿದು, ಬಾಯಿಗೆ ಬಂದಂತೆ ಬೈಯುತ್ತ ನದಿತನಕ ಅಟ್ಟಿಸಿಕೊಂಡು ಹೋಗಿ, ಕೆಸರಾದ ಕುಲಾವಿಯನ್ನು ಗೆದ್ದು ತಂದಳು. ಹೆರಿಗೆಯಾದ ಮೇಲೆ ನಾನು ಮೊದಲ ಸಲ ನಕ್ಕಿದ್ದು ಅವತ್ತೇ...

ಮಗಳಿಗೆ ಮೂರು ತುಂಬುವ ಹೊತ್ತಿಗೆ, ಮಕ್ಕಳಿಲ್ಲದೆ ಆ ಊರಿನ ಶಾಲೆಯೇ ಮುಚ್ಚಿತು. ನಾವು ಆಕ್ಲೆಂಡಿಗೆ ಹೊರಟೆವು. ಹೊರಡುವ ದಿನ ಎಷ್ಟು ಬಾಗಿಲು ಬಡಿದರೂ ಆಯಿ ತೆಗೆಯಲಿಲ್ಲ. ಒಳಗೇ ಇದ್ದಳು. ಚಿಮಣಿಯಿಂದ ಹೊಗೆ ಬರುತ್ತಿತ್ತು.

ಹೋದ ವರ್ಷ ಅವಳ ತಂಗಿಯ ಮಗಳು ಫೋನ್ ಮಾಡಿ, ಆಯಿಗೆ ಮರೆವಿನ ಕಾಯಿಲೆ, ರೆಸ್ಟ್ ಹೋಮಿಗೆ ಸೇರಿಸಿದ್ದೇವೆ ಅಂದಳು. ಮಗಳನ್ನು ಕರೆದುಕೊಂಡು ಹೋದೆ. ಆಯಿಗೆ ನನ್ನ ಮಗಳ ನೆನಪಿಲ್ಲ, ಮಗಳಿಗೆ ಆಯಿಯ ನೆನಪಿಲ್ಲ. ನಡುವೆ ನಾನೊಬ್ಬಳು ಎಲ್ಲ ನೆನಪಿಟ್ಟುಕೊಂಡು ಪೆದ್ದಿಯ ಹಾಗೆ ನಿಂತಿದ್ದೆ. ತನ್ನನ್ನು ಬದುಕಿಸಿದವಳು ಯಾರು ಅಂತ ಇವಳಿಗೆ ಒಮ್ಮೆಯಾದರೂ ಗೊತ್ತಾಗಲಿ ಅಂತ ಎಷ್ಟು ಆಸೆಯಿತ್ತು ನನಗೆ... ಒಣಗಿದ ಆ ಕೈಗಳಿಗೆ ಹಚ್ಚೋಣವೆಂದು ಕೊಬ್ಬರಿ ಎಣ್ಣೆ ಒಯ್ದಿದ್ದೆ. ಮುಚ್ಚಳ ತೆಗೆದೆ.

ಆಯಿ ಮೂಗರಳಿಸಿದಳು. ಹೊದಿಕೆ ಸರಿಸಿ, ಎರಡೂ ಕಾಲು ಜೋಡಿಸಿ ಚಾಚಿ, ಮೊಣಕಾಲ ಕೆಳಗೆ ತಟ್ಟಿ ತೋರಿಸಿದಳು.

"ವಾಟ್ ಡಸ್ ಶಿ ವಾಂಟ್, ಮಮ್ಮಿ?"

"ನಿನಗ ಎರೀಬೇಕಂತ. ಮಲಗು."

ನನಗಿಂತ ಎತ್ತರ ಬೆಳೆದ ಹುಡುಗಿ ಮಂಚದ ಪಕ್ಕ ಮಂಡಿಯೂರಿ ಆ ಸಣಕಲು ಕಾಲುಗಳ ಮೇಲೆ ತಲೆಯಿಟ್ಟಳು. ಆಯಿ ಎಣ್ಣೆಗೈಯಿಂದ ಅವಳ ಹಣೆ ಸವರಿದಳು, ಮೂಗು ತೀಡಿದಳು. "ಆತ್ ನಮ್ಮವ್ವಾ, ಆತ್ ಆತ್..." ಅವ್ವ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಅವಳು ಒಮ್ಮೆಯೂ ಮುಖ ನೋಡದ ಈ ಇನ್ನೊಬ್ಬ ಮುದುಕಿಯ ಬಾಯಲ್ಲಿ ಅವ್ವನ ರಾಗ ಹಾಗೇ ಉಳಿದಿತ್ತು. ಮಗಳು ಅಲ್ಲೇ ಅತ್ತಳು. ನಾನು ಹೊರಗೆ ಹೋಗಿ ಅತ್ತೆ.

ಹೋದ ತಿಂಗಳು ಆಯಿಯೂ ಹೋದಳು. ಬೂದಿಯನ್ನು ಆ ನದಿಗೇ ಬಿಟ್ಟರಂತೆ.

ಹೀಟರ್ ಮುಂದೆ ಎಣ್ಣೆ ಪೂರ್ತಿ ಕರಗಿತು. ತಲೆಗೆ ಎಣ್ಣೆ ಅಂದರೆ ಮಾರು ದೂರ ಓಡುತ್ತಿದ್ದ ಮಗಳು ತಾನಾಗಿ ಬಂದು ನನ್ನ ಕಾಲ ಬಳಿ ಕೂತಳು. "ಆಯಿ ಅವತ್ತ ಹೇಳಿದ್ಲಲ್ಲ, ಆತ್ ಆತ್ ಅಂತ... ಸೇ ಇಟ್" ಅಂದಳು. ಹೇಳಿದೆ. ಇಲ್ಲವೆಂದು ತಲೆಯಾಡಿಸಿದಳು.

"ನಾಟ್ ಲೈಕ್ ದಟ್, ಮಮ್ಮಿ."

ನಿಜವೇ. ಹಾಗೆ ಹೇಳಲು ಬರುತ್ತಿದ್ದವರು ಇಬ್ಬರೇ. ಈಗ ಇಬ್ಬರೂ ಇಲ್ಲ.